ಕುಸುಮಾವತಿಯ ಹೆಸರಿನ ಓದು

"ಎಲ್ಲಿಂದ ಶುರು ಮಾಡ್ಲಿ?"

ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದ ತರಂಗಿ ಇದನ್ನು ಯಾರನ್ನೂ ಕೇಳಿರಲಿಲ್ಲ. ತೊಡೆಯ ಮೇಲೆ ಖಾಲಿ ಹಾಳೆ, ಹಲ್ಲಿನ ನಡುವೆ ಪೆನ್ನಿನ ಮುಚ್ಚಳ, ನೋಟ ಹೆದ್ದಾರಿಯ ಕಡೆಗೆ. ಕೆಳಗೆ ರೇಷ್ಮೆಹುಳದ ಮನೆಯ ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪು ಕೊಚ್ಚುತ್ತಿದ್ದ ಗಂಗಲಕ್ಷ್ಮಮ್ಮನ ಕೈ ಮಾತ್ರ ನಿಂತಿತು. ಕಿವಿಗೆ ಬಿದ್ದ ಮಾತನ್ನು ನೆಲಕ್ಕೆ ಬೀಳಲು ಬಿಟ್ಟು ಆಕೆಗೆ ಅಭ್ಯಾಸವಿರಲಿಲ್ಲ.

"ಮೊದ್ಲಿಂದ ಶುರು ಮಾಡವ್ವ," ಎಂದಳು.

"ಮೊದ್ಲು ಯಾವ್ದು ಅಂತಾನೇ ಗೊತ್ತಾಯ್ತಾ ಇಲ್ಲ ಆಂಟಿ."

"ಅಂಗಾದ್ರೆ ದೇವ್ರ ಹೆಸ್ರು ಬರಿ. ಆಮ್ಯಾಕೆ ತಾನೇ ಬತ್ತದೆ."

"ಈ ಕಾಲೇಜ್ನೋರು ದೇವ್ರನ್ನ ಕೇಳಿಲ್ಲ, ನನ್ನ ಕೇಳವ್ರೆ. ನೀನು ಯಾರು, ನಿನ್ನ ಇಂಗೆ ಮಾಡಿದ್ದು ಏನು, ಬರಿ ಅಂತ."

"ನಿನ್ನ ಏನ್ ಮಾಡವ್ರೆ? ನೆಟ್ಟಗೇ ಇದ್ದೀಯಲ್ಲ!" ಎಂದು ಗಂಗಲಕ್ಷ್ಮಮ್ಮ ಮತ್ತೆ ಕತ್ತಿ ಎತ್ತಿಕೊಂಡಳು.

ತರಂಗಿಗೆ ಹದಿನೇಳು ವರ್ಷ. ಶ್ರೀಲಂಕಾದವಳು. ಅವಳ ತಂದೆ ವಿಜೇರತ್ನ ಅವರು ಕೆಂಗಲ್ ಆಚೆ ಹೆದ್ದಾರಿಯ ಬದಿಗೆ ಎದ್ದಿದ್ದ ಗಾರ್ಮೆಂಟ್ಸ್ ಕಾರ್ಖಾನೆಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿ ಬಂದವರು. ರಸ್ತೆ ಅಗಲವಾದ ಮೇಲೆ ಆ ಕಡೆಯ ಹೊಲಗಳಲ್ಲಿ ತಗಡಿನ ಚಾವಣಿಗಳು ಕಾಣಿಸಿಕೊಂಡವು. ಅವುಗಳ ಹಿಂದೆಯೇ ಸುತ್ತಲ ಹಳ್ಳಿಗಳ ಮನೆಗಳ ಮೇಲೆ ಬಾಡಿಗೆಯ ಮಹಡಿಗಳು ಎದ್ದವು. ಗಂಗಲಕ್ಷ್ಮಮ್ಮನ ಮನೆಯ ಮೇಲೂ ಒಂದು ಎದ್ದಿತ್ತು. ಅದರ ಸುಣ್ಣ ಒಣಗುವ ಮೊದಲೇ ತಂದೆ ಮಗಳು ಎರಡು ಸೂಟ್‌ಕೇಸ್, ಒಂದು ಅನ್ನದ ಕುಕ್ಕರ್, ಬಟ್ಟೆಯಲ್ಲಿ ಸುತ್ತಿದ ಒಂದು ಬುದ್ಧನ ಮೂರ್ತಿ ಹಿಡಿದು ಬಂದಿದ್ದರು. ಹುಡುಗಿಯ ತಾಯಿ ಇಲ್ಲ ಎಂಬುದು ಬಂದ ದಿನವೇ ತಿಳಿಯಿತು. ಹೇಗೆ ಹೋದಳು ಎಂದು ಗಂಗಲಕ್ಷ್ಮಮ್ಮ ಕೇಳಲಿಲ್ಲ. ಹೇಳಬೇಕು ಅನ್ನಿಸಿದಾಗ ಹೇಳುತ್ತಾರೆ, ಆಗ ಕೇಳಿದರಾಯಿತು.

ಕೇಳುವುದೇ ಆಕೆಯ ಕಸುಬು ಎಂದರೂ ತಪ್ಪಿಲ್ಲ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಹುಟ್ಟಿದವಳು. ತಂದೆ ಗುಡಿಯಲ್ಲಿ ಪುರಾಣದ ಪದ್ಯಗಳನ್ನು ಬಾಯಿಪಾಠ ಹೇಳುತ್ತಿದ್ದರು. ಒಂದು ಪದ್ಯ ಮುಗಿಸಿ ನಿಂತರೆ, ಕೇಳುವವರಲ್ಲಿ ಒಬ್ಬರು "ಹೂಂ" ಎನ್ನದೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ದೊಡ್ಡವರೆಲ್ಲ ತೂಕಡಿಸಿದ ಮೇಲೂ ಎಚ್ಚರವಾಗಿರುತ್ತಿದ್ದವಳು ಅವರ ಈ ಮಗಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ, ಇಲ್ಲಿನ ಆಂಜನೇಯನ ಗುಡಿಯಲ್ಲಿ ಕಾರ್ತೀಕದ ಶನಿವಾರಗಳಂದು ಓದುವ ದಾಸಪ್ಪನವರಿಗೂ ಆಕೆಯೇ ಹೂಂಗುಟ್ಟುತ್ತಿದ್ದಳು. ಹೆಂಗಸರ ಸಾಲಿನಿಂದ ಆ ಸಣ್ಣ ದನಿ ಬಾರದಿದ್ದರೆ ದಾಸಪ್ಪನವರು ಕನ್ನಡಕ ತೆಗೆದು ನೋಡುತ್ತಿದ್ದರು.

ತರಂಗಿ ಕನ್ನಡ ಕಲಿತದ್ದು ಈ ಅಂಗಳದಲ್ಲಿ. ಹಾಗಾಗಿ ಅವಳ ಬಾಯಲ್ಲಿ ಬಂದದ್ದೆಲ್ಲ ಐತೆ, ಬತ್ತೀನಿ, ಒಸಿ ತಡೀರಿ. ರಾಮನಗರದಲ್ಲಿ ಅವಳು ಸೇರಿದ್ದ ಪಿಯು ಕಾಲೇಜಿನಲ್ಲಿ ಹುಡುಗಿಯರು ಇದನ್ನು ಕೇಳಲೆಂದೇ ಅವಳನ್ನು ಮಾತಿಗೆಳೆಯುತ್ತಿದ್ದರು. ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮನದು ಇನ್ನೊಂದು ತಮಾಷೆ. ತರಂಗಿ ಗುಡಿಗೆ ಹೊರಟಾಗಲೆಲ್ಲ, "ಲಂಕೆ ಮಗ ಬಂತು, ಆಂಜನೇಯನ ಬಾಲದ ಮ್ಯಾಲೆ ಒಸಿ ಕಣ್ಣಿಟ್ಟಿರ್ರಪ್ಪೋ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ತರಂಗಿ ಮೊದಲ ಸಲ ಅರ್ಥವಾಗದೆ ನಕ್ಕಳು. ಅರ್ಥವಾದ ಮೇಲೆ, "ಈ ಸಲ ನಾನೇ ಬೆಂಕಿಪೊಟ್ಣ ತಂದಿವ್ನಿ ಅಜ್ಜಿ," ಎಂದಳು. ಅಂದಿನಿಂದ ದೊಡ್ಡಲಕ್ಷ್ಮಮ್ಮನಿಗೆ ಅವಳೆಂದರೆ ಜೀವ.

ಅವಳಲ್ಲಿ ಒಂದೇ ಒಂದು ಕೆಟ್ಟ ಚಾಳಿ ಎಂದರೆ ನೀರು. ತಮ್ಮ ಮನೆಯ ಎರಡು ತಟ್ಟೆ, ಒಂದು ಪಾತ್ರೆ ತೊಳೆಯಲು ಹಿತ್ತಲ ನಲ್ಲಿಯ ಹತ್ತಿರ ಕೂತರೆ ಏಳುತ್ತಲೇ ಇರಲಿಲ್ಲ. ತಟ್ಟೆ ತೊಳೆದು ಮುಗಿದಿರುತ್ತಿತ್ತು. ಎರಡು ಕೈಯನ್ನೂ ನೀರಿನ ಕೆಳಗೆ ಹಿಡಿದು ಹಾಗೇ ಕೂತಿರುತ್ತಿದ್ದಳು. "ಕೈಗೇನು ಎಣ್ಣೆನೀರು ಹಾಕ್ತಿದ್ದೀಯೇನವ್ವ? ಕರೆಂಟು ಇದ್ದಾಗ ಮೇಲಕ್ಕೇರಿಸಿರೋ ನೀರದು!" ಎಂದು ಗಂಗಲಕ್ಷ್ಮಮ್ಮ ಗದರಿದರೆ, ಥಟ್ಟನೆ ನಲ್ಲಿ ತಿರುಗಿಸಿ ಎದ್ದುಬಿಡುತ್ತಿದ್ದಳು. ಮರುದಿನ ಮತ್ತೆ ಅದೇ.

ಈಗ ಅವಳಿಗೆ ಅಮೆರಿಕದ ಕಾಲೇಜುಗಳ ಅರ್ಜಿಯ ಕೆಲಸ. ತಂದೆಯ ಕೆಲಸದ ಕರಾರು ಮಾರ್ಚಿಗೆ ಮುಗಿಯುತ್ತದೆ. ಆಮೇಲೆ ಅವರನ್ನು ಬೇರೆ ಯಾವುದೋ ದೇಶದ ಕಾರ್ಖಾನೆಗೆ ಕಳಿಸಬಹುದು. ತರಂಗಿ ಊರಿಗೆ ಮರಳಿ ಚಿಕ್ಕಮ್ಮನ ಮನೆಯಲ್ಲಿರಬೇಕು. ಅಲ್ಲಿ ಯುದ್ಧ ಮತ್ತೆ ಶುರುವಾಗಿತ್ತು. ಅಲ್ಲಿನ ಪರೀಕ್ಷೆಯ ಓದನ್ನು ನಡುವೆ ಬಿಟ್ಟು ಬಂದವಳು, ಇಲ್ಲಿ ನಡುವೆ ಬಂದು ಸೇರಿದವಳು. ಎರಡೂ ಕಡೆ ಅರ್ಧರ್ಧ. ಪೂರ್ತಿ ಫೀಸನ್ನು ತಾನೇ ಭರಿಸುವ ಒಂದು ಕಾಲೇಜು ಅವಳನ್ನು ಕರೆದರೆ ಮಾತ್ರ ಮುಂದೆ ಓದು. ಇಲ್ಲದಿದ್ದರೆ ಚಿಕ್ಕಮ್ಮ ಆಗಲೇ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಹೇಳಿಟ್ಟಿದ್ದರು.

ಅರ್ಜಿಗೆ ಉಪನ್ಯಾಸಕರ ಪತ್ರ ಬೇಕಿತ್ತು. "ಬಂದು ಇನ್ನೂ ವರ್ಷ ತುಂಬಿಲ್ಲ, ನಿನ್ನ ಬಗ್ಗೆ ಏನಂತ ಬರೀಲಮ್ಮ?" ಎಂದು ಇಂಗ್ಲಿಷ್ ಮೇಷ್ಟ್ರು ತಲೆ ಕೆರೆದುಕೊಂಡರು. ಕೊನೆಗೆ ಆಫೀಸಿನವರು ಟಿ.ಸಿ. ಜೊತೆ ಕೊಡುವ ಸಾಲನ್ನೇ ಟೈಪು ಮಾಡಿಸಿ ಕೊಟ್ಟರು: ಇವಳ ನಡತೆ ತೃಪ್ತಿಕರ. ಗಂಗಲಕ್ಷ್ಮಮ್ಮನ ಮಗಳು ನವ್ಯಶ್ರೀ ತರಂಗಿಯ ತರಗತಿಯವಳೇ. ಅದನ್ನೋದಿ ಅವರೆಕಾಯಿ ಸುಲಿಯುತ್ತಿದ್ದ ಮೊರದ ಮೇಲೆ ಬಿದ್ದು ನಕ್ಕಳು.

"ತೃಪ್ತಿಕರ! ಊಟ ಆಯ್ತಾ ಅಂದ್ರೆ ಹೇಳೋ ಅಂಗೈತೆ."

"ನಗಬ್ಯಾಡ ಕಣೆ. ಈಗ ಉಳಿದಿರೋದು ಆ ಪ್ರಬಂಧ ಒಂದೇ. ಅದರಲ್ಲೇ ನಾನು ಗೆಲ್ಲಬೇಕು."

"ನಮ್ಮದೇ ವಾಸಿ. ಸಿಇಟಿ ಬರಿ, ನಂಬರ್ ನೋಡು, ಸೀಟು ತಗೊ. ನಿಮ್ಮಮ್ಮ ಬದುಕವ್ಳಾ ಸತ್ತವ್ಳಾ ಅಂತ ಯಾವ ಕಾಲೇಜೂ ಕೇಳಲ್ಲ."

ತರಂಗಿ ಚೀಲದಿಂದ ಎರಡು ಹಾಳೆ ತೆಗೆದಳು. ಬೆಂಗಳೂರಿನ ಜಯನಗರದಲ್ಲಿ ವಿದೇಶದ ಕಾಲೇಜುಗಳಿಗೆ ಅರ್ಜಿ ಹಾಕಿಸಿಕೊಡುವ ಸಲಹೆಗಾರ ಬರೆದುಕೊಟ್ಟದ್ದು. ಅವನ ಟೈಯ ಮೇಲೆ ಸಣ್ಣ ಸಣ್ಣ ವಿಮಾನಗಳಿದ್ದವಂತೆ. ತರಂಗಿಯ ಊರು ಸಮುದ್ರದಿಂದ ಎಷ್ಟು ದೂರ ಎಂದು ಅವನು ಕೇಳಿದ. ಬಸ್ಸಿನಲ್ಲಿ ಅರ್ಧ ದಿನ, ನಮ್ಮದು ಅನುರಾಧಪುರದ ಕಡೆ, ಬರೀ ಕೆರೆಗಳ ಊರು ಎಂದಳು. ತಾಯಿ ಹೋದದ್ದು ಯಾವಾಗ? ಸುನಾಮಿಗೆ ಒಂದು ವರ್ಷ ಮುಂಚೆ, ಕಿಡ್ನಿ ಹೋಗಿ, ಆಸ್ಪತ್ರೆಯಲ್ಲಿ. ಅವನು ಕುರ್ಚಿಯಲ್ಲಿ ಹಿಂದಕ್ಕೊರಗಿ, "ನೋಡಮ್ಮ, ಶ್ರೀಲಂಕಾ ಅಂದ್ರೆ ಅವರಿಗೆ ಗೊತ್ತಿರೋದು ಎರಡೇ, ಯುದ್ಧ ಮತ್ತೆ ಸುನಾಮಿ. ಕಿಡ್ನಿ ಎಲ್ಲ ದೇಶದಲ್ಲೂ ಹೋಗುತ್ತೆ. ತಾಯಿ ಇಲ್ಲ ಅನ್ನೋದು ನಿಜ ತಾನೇ? ಒಂದು ವರ್ಷ ಆಕಡೆ ಈಕಡೆ, ಅಷ್ಟೆ," ಎಂದ. ವಾರದಲ್ಲಿ ಪ್ರಬಂಧ ಸಿದ್ಧವಾಯಿತು. ಕಾಲೇಜಿನವರು ಫೋನಿನಲ್ಲೂ ಕೇಳಬಹುದು, ತಡವರಿಸದೆ ಹೇಳುವುದು ಅಭ್ಯಾಸ ಮಾಡು. ಯಾರಿಗಾದರೂ ಹೇಳಿ ನೋಡು, ಕೇಳಿದವರು ಅತ್ತರೆ ನನಗೆ ಫೋನ್ ಮಾಡು, ಕಳಿಸಿಬಿಡೋಣ ಎಂದಿದ್ದ.

ನವ್ಯಶ್ರೀ ಎರಡೂ ಹಾಳೆ ಓದಿದಳು. ಅವಳ ನಗು ನಿಂತಿತು.

"ಚೆನ್ನಾಗೈತೆ ಕಣೆ," ಎಂದಳು, ಯಾರೋ ಬೈದ ಹಾಗೆ. "ನಿಮ್ಮಪ್ಪಂಗೆ ಗೊತ್ತಾ?"

"ಅಪ್ಪ ಕೇಳಿದ್ರು. ಅಮ್ಮನ ಬಗ್ಗೆ ಬರ್ದಿದ್ದೀನಿ ಅಂದೆ. ಒಳ್ಳೇದು ಮಗಾ ಅಂದ್ರು."

"ನೀನೇ ಒಂದು ಬರಿ ಅತ್ಲಾಗಿ."

"ಏನ್ ಬರೀಲಿ ನವ್ಯಾ? ಬಸ್ಸಲ್ಲಿ ಆಸ್ಪತ್ರೆಗೆ ಹೋದೊ, ಬಂದೊ. ಮತ್ತೆ ಹೋದೊ, ಬಂದೊ. ಒಂದಿನ ಅಮ್ಮ ಬರ್ಲಿಲ್ಲ. ಇದ್ರಲ್ಲಿ ಏನೈತೆ ಬರೆಯೋಕೆ?"

ಹುಳಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ನಿಶ್ಚಲವಾಗಿರುವ ಆ ಹೊತ್ತನ್ನು ಈ ಕಡೆ ಜ್ವರ ಎನ್ನುತ್ತಾರೆ. ಸೊಪ್ಪು ಹಾಕುವ ಕೆಲಸವಿಲ್ಲ. ಮನೆಯೊಳಗೆ ಸದ್ದೂ ಇಲ್ಲ. ಅಂಥ ಒಂದು ಮಧ್ಯಾಹ್ನ ತರಂಗಿ ಬಂದು ಬಾಗಿಲಲ್ಲಿ ನಿಂತಳು.

"ಆಂಟಿ, ಕಾಲೇಜಿಗೆ ನಮ್ಮಮ್ಮನ ವಿಷ್ಯ ಬರ್ದಿವ್ನಿ. ಕನ್ನಡದಲ್ಲಿ ಹೇಳ್ತೀನಿ, ಕೇಳ್ತೀರಾ?"

ಗಂಗಲಕ್ಷ್ಮಮ್ಮ ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಗೊರಗದೆ ಕೂತಳು. ಸತ್ತವರ ಮಾತನ್ನು ಕೇಳುವುದು ಹಾಗೆಯೇ. ತರಂಗಿ ಅದನ್ನು ನೋಡಿ ಒಂದು ಕ್ಷಣ ಅಳುಕಿದಳು. ಆದರೆ ಹೇಳಲು ತೊಡಗಿದಳು.

ಸಮುದ್ರದ ದಡದಲ್ಲಿ ಮನೆ. ಬೆಳಿಗ್ಗೆ ನೀರು ಹಿಂದಕ್ಕೆ ಹೋಯಿತು, ಮೀನುಗಳು ಮರಳಿನ ಮೇಲೆ ಬಿದ್ದವು. ಹೂಂ. ಅಮ್ಮ ನನ್ನನ್ನು ಚಾವಣಿಗೆ ಹತ್ತಿಸಿದಳು. ಹೂಂ. ಪಕ್ಕದ ಮನೆಯ ಕೂಸು ತೊಟ್ಟಿಲಲ್ಲಿತ್ತು, ಅದನ್ನು ತರುತ್ತೇನೆ ಎಂದು ಓಡಿದಳು. ಹೂಂ. ಎತ್ತರದ ಗೋಡೆಯ ಹಾಗೆ ನೀರು ಬಂತು. ಇಲ್ಲಿ "ಹೂಂ" ಬರಲಿಲ್ಲ. ತರಂಗಿ ತಲೆಯೆತ್ತಿ ನೋಡಿದಳು. ಗಂಗಲಕ್ಷ್ಮಮ್ಮನ ಬಾಯಿ ಸೆರಗಿನಲ್ಲಿ ಮುಚ್ಚಿತ್ತು.

"ಆಮ್ಯಾಕೆ?" ಎಂದಳು ಸೆರಗಿನೊಳಗಿಂದ.

"ಅಷ್ಟೇ ಆಂಟಿ. ದೇಹ ಸಿಗ್ಲಿಲ್ಲ."

ಕೊನೆಯ ಮಾತು ಸಲಹೆಗಾರನದು. ಮುಕ್ತಾಯಕ್ಕೆ ಅದು ಇರಲಿ ಎಂದಿದ್ದ. ಗಂಗಲಕ್ಷ್ಮಮ್ಮ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, "ಅಯ್ಯೋ ನನ್ನ ಕಂದ, ಇಷ್ಟು ದಿನ ಎದ್ಯಾಗೆ ಇಟ್ಕೊಂಡು ಎಂಗಿದ್ಯೇ," ಎಂದು ಅತ್ತಳು. ಬೆಂಗಳೂರಿಗೆ ಫೋನ್ ಮಾಡಬಹುದು ಎಂದು ತರಂಗಿಗೆ ಹೊಳೆಯಿತು. ಅದರ ಜೊತೆಗೇ ಬಾಯಿ ತೆರೆದು ನಿಜ ಹೇಳಿಬಿಡಬೇಕು ಎಂದೂ ಅನ್ನಿಸಿತು. ಆಕೆಯ ಸೀರೆಯಲ್ಲಿ ಹಸಿ ಸೊಪ್ಪಿನ ವಾಸನೆಯಿತ್ತು. ಅವಳು ಎರಡನ್ನೂ ಮಾಡದೆ ಹಾಗೇ ಒರಗಿಕೊಂಡಳು.

ಅತ್ತು ಸುಮ್ಮನಾಗುವವಳಾಗಿದ್ದರೆ ಗಂಗಲಕ್ಷ್ಮಮ್ಮನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ದೇಹ ಸಿಗಲಿಲ್ಲ ಎಂಬ ಮಾತು ಆಕೆಯನ್ನು ಬಿಡಲಿಲ್ಲ. ದೇಹವಿಲ್ಲ ಎಂದರೆ ಮಣ್ಣಿಲ್ಲ, ಬೆಂಕಿಯಿಲ್ಲ, ಕಾರ್ಯವಿಲ್ಲ. ಆ ತಾಯಿ ಇನ್ನೂ ನೀರಿನಲ್ಲೇ ಇದ್ದಾಳೆ, ಮಗಳು ಇಲ್ಲಿ ನಲ್ಲಿಯ ಕೆಳಗೆ ಕೈ ಹಿಡಿದು ಕೂರುತ್ತಾಳೆ! ಎಲ್ಲವೂ ಒಂದಕ್ಕೊಂದು ಕೂಡಿಕೊಂಡಂತಾಯಿತು. ಎಷ್ಟು ಸಲ ಗದರಿದ್ದೆನಲ್ಲ ಎಂದುಕೊಂಡಳು. ಸಂಜೆಗೇ ದಾಸಪ್ಪನವರ ಮನೆಗೆ ಹೋದಳು.

ಆ ಊರಲ್ಲಿ ಹೋದವರ ಹೆಸರಿನಲ್ಲಿ ಓದಿಸುವ ಪದ್ಧತಿ ಇತ್ತು. ಹತ್ತಿರದವರು ಪುಸ್ತಕದ ಪೀಠದ ಮುಂದೆ ದೀಪ ಹಿಡಿದು ಕೂರಬೇಕು. ಪುಸ್ತಕ ಬಿಚ್ಚುವ ಮೊದಲು ದಾಸಪ್ಪನವರು, ಯಾರ ಹೆಸರಲ್ಲಿ ಓದಬೇಕು, ಹೇಗೆ ಹೋದರು ಎಂದು ಕೇಳುತ್ತಾರೆ. ಉತ್ತರ ಕೂತವರ ಬಾಯಿಂದಲೇ ಎಲ್ಲರಿಗೂ ಕೇಳುವಂತೆ ಬರಬೇಕು. ಆ ಉತ್ತರದ ಮೇಲೆ ಯಾವ ಭಾಗ ಓದುವುದು ಎಂಬುದು ತೀರ್ಮಾನ. ಬಾಣಂತಿಯಾಗಿ ಹೋದವರಿಗೆ ಒಂದು, ವಯಸ್ಸಾಗಿ ಹೋದವರಿಗೆ ಒಂದು. ನೀರಿಗೆ ಹೋದವರಿಗೆ ಓದುವ ಭಾಗ ಬಹಳ ದೊಡ್ಡದು; ಮಳೆ ನಿಂತು, ಪ್ರವಾಹ ಇಳಿದು, ಭೂಮಿ ಮೇಲೆದ್ದು ಬರುವವರೆಗೆ ನಿಲ್ಲಿಸುವ ಹಾಗಿಲ್ಲ.

"ಸಮುದ್ರ ಅಂತೀಯ," ಎಂದರು ದಾಸಪ್ಪನವರು. "ಈ ಊರಾಗೆ ಬಾವಿ, ಕೆರೆ, ಕಣ್ವದ ಡ್ಯಾಮು, ಅಷ್ಟಕ್ಕೆ ಓದಿವ್ನಿ. ಸಮುದ್ರಕ್ಕೆ ಓದಿಲ್ಲ."

"ನೀರು ನೀರೇ ಅಲ್ವೇನಣ್ಣ."

"ಅದೂ ದಿಟವೇ. ಶನಿವಾರ ಕರ್ಕೊಂಡ್ ಬಾ. ಗಂಟ್ಲಿಗೆ ಒಸಿ ಶುಂಠಿ ಕಾಫಿ ಮಡಗಿರು."

ಮರುದಿನ ದೊಡ್ಡಲಕ್ಷ್ಮಮ್ಮನಿಗೆ ಗೊತ್ತಾಯಿತು ಎಂದ ಮೇಲೆ ಊರಿಗೆಲ್ಲ ಗೊತ್ತಾಯಿತು. ಕಾರ್ಖಾನೆಗೆ ಹೋಗುವ ಹೆಂಗಸರು ವ್ಯಾನಿನಲ್ಲಿ ಅದನ್ನೇ ಮಾತಾಡಿಕೊಂಡರು. ಕಾಜಾ ಹೊಲಿಯುವ ಲತಾಮಣಿ, ಎರಡು ನಿಮಿಷ ತಡವಾದರೂ ವಿಜೇರತ್ನ ಸಾರ್ ಹತ್ತಿರ ಬೈಸಿಕೊಳ್ಳುವವಳು, ತಾನೇ ಹೂವು ಕಟ್ಟಿಕೊಡುವುದಾಗಿ ಹೇಳಿಕಳಿಸಿದಳು. ತರಂಗಿಗೆ ಈ ವಿಷಯ ತಿಳಿದದ್ದು ಶುಕ್ರವಾರ ಕಾಲೇಜಿನಿಂದ ಬಂದಾಗ, ಅಂಗಳದಲ್ಲಿ ಕಡಲೆಹಿಟ್ಟು ಜರಡಿ ಹಿಡಿಯುತ್ತಿದ್ದ ದೊಡ್ಡಲಕ್ಷ್ಮಮ್ಮನ ಬಾಯಿಂದ.

"ನಾಳೆ ಒಪ್ಪತ್ತು ಇರು ಮಗ. ನಿಮ್ಮವ್ವಂಗೆ ಓದುಸ್ತಾವ್ರೆ. ನಾನು ನಿಂಗೆ ಲಂಕೆ ಲಂಕೆ ಅಂತ ಆಡ್ಕೊಂಡೆ, ಮನಸ್ಸಿಗೆ ಹಚ್ಕೋಬ್ಯಾಡ ಕಣವ್ವ."

ನವ್ಯಶ್ರೀ ಅವಳನ್ನು ಮಹಡಿಗೆ ಎಳೆದುಕೊಂಡು ಹೋದಳು.

"ಇವತ್ತೇ ಅಮ್ಮಂಗೆ ಹೇಳು."

"ಹೇಳಿದ್ರೆ ನನ್ನ ಮುಖ ನೋಡ್ತಾರಾ?"

"ನಾಳೆ ಎಲ್ಲಾರ ಮುಂದೆ ಕೇಳ್ತಾರೆ ಕಣೆ ತರಂಗಿ, ಎಂಗೆ ಹೋದ್ರು ಅಂತ. ಅಲ್ಲಿ ಏನಂತೀಯ?"

ತರಂಗಿ ಹೆದ್ದಾರಿಯ ಕಡೆ ತಿರುಗಿದಳು. ಬೆಂಗಳೂರಿನಿಂದ ಎರಡು ಸಲ ಫೋನ್ ಬಂದಿತ್ತು. ಸೋಮವಾರ ಅರ್ಜಿ ಹೋಗಲೇಬೇಕು, ಹ್ಞೂಂ ಅನ್ನು ಎಂದು ಸಲಹೆಗಾರ ಅವಸರ ಮಾಡುತ್ತಿದ್ದ. ಅನ್ನುತ್ತೇನೆ, ನಾಳೆ ಅನ್ನುತ್ತೇನೆ ಎಂದು ಅವಳು ತಳ್ಳುತ್ತ ಬಂದಿದ್ದಳು.

ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ವಿಜೇರತ್ನ ಬಂದರು. ಶನಿವಾರ ಅವರು ಎಂದೂ ಬೇಗ ಬಂದವರಲ್ಲ. ಮಹಡಿಗೆ ಹೋಗಿ ಇಳಿದಾಗ ಮೈಮೇಲೆ ಬಿಳಿ ಅಂಗಿ, ಬಿಳಿ ಪಂಚೆ. ಅವರ ದೇಶದಲ್ಲಿ ಬುದ್ಧನ ವಿಹಾರಕ್ಕೆ ಹೋಗುವಾಗ ಉಡುವ ಉಡುಪು. ಇಸ್ತ್ರಿಯ ಗೆರೆ ಇನ್ನೂ ಬಿಸಿಯಿದ್ದಂತಿತ್ತು. ಕಾರ್ಖಾನೆಯ ಎರಡು ಮಾತು, ಬೇಗ ಬೇಗ ಮತ್ತು ಸರಿ ಇಲ್ಲ, ಇವನ್ನು ಬಿಟ್ಟು ಅವರಿಗೆ ಕನ್ನಡ ಬಾರದು. ತಮ್ಮ ಹೆಂಡತಿಗಾಗಿ ಊರಿನ ಹೆಂಗಸರು ಗುಡಿಯಲ್ಲಿ ಪುಣ್ಯಕಾರ್ಯ ಮಾಡಿಸುತ್ತಿದ್ದಾರೆ ಎಂದಷ್ಟೇ ತಿಳಿದಿತ್ತು. ಅವರು ಗಂಗಲಕ್ಷ್ಮಮ್ಮನ ಮುಂದೆ ನಿಂತು ಎರಡೂ ಕೈ ಜೋಡಿಸಿ, ತಲೆ ಪೂರ್ತಿ ಬಗ್ಗಿಸಿ, ತಮ್ಮ ಭಾಷೆಯಲ್ಲಿ ಏನೋ ಹೇಳಿದರು.

"ಏನಂದ್ರವ್ವ ನಿಮ್ಮಪ್ಪ?" ಎಂದು ಗಂಗಲಕ್ಷ್ಮಮ್ಮ ಕೇಳಿದಳು.

ತಂದೆ ಗುಡಿಯ ಕಡೆ ಹೋಗುವುದನ್ನು ನೋಡುತ್ತ ನಿಂತ ತರಂಗಿ, ಹಿತ್ತಲಿಗೆ ನಡೆದು ನಲ್ಲಿಯ ಹತ್ತಿರ ಕುಕ್ಕರಿಸಿದಳು. ಗಂಗಲಕ್ಷ್ಮಮ್ಮ ಹಿಂದೆಯೇ ಬಂದಳು.

"ಹೊತ್ತಾಯ್ತು ಮಗ. ಏಳು."

"ನಮ್ಮಮ್ಮ ನೀರಲ್ಲಿ ಹೋಗ್ಲಿಲ್ಲ ಆಂಟಿ."

ಗಂಗಲಕ್ಷ್ಮಮ್ಮ ನಿಂತಲ್ಲೇ ನಿಂತಳು.

ತರಂಗಿ ನಲ್ಲಿ ತಿರುಗಿಸಿ ಎರಡು ಕೈಯನ್ನೂ ಕೆಳಗೆ ಹಿಡಿದಳು. "ಇಂಗೆ ಕೂರೋದು ನಮ್ಮಮ್ಮ. ಕಿಡ್ನಿ ಹೋಗಿತ್ತಲ್ಲ, ನೀರು ಕುಡಿಯಂಗಿರ್ಲಿಲ್ಲ. ಒಂದು ಸಣ್ಣ ಲೋಟ, ದಿನಕ್ಕೆಲ್ಲ ಅಷ್ಟೇ. ನಾಲಿಗೆ ಒಣಗೋಗದು. ಮನೇಲಿ ಯಾರನ್ನೂ ಪಾತ್ರೆ ಮುಟ್ಟಕ್ಕೆ ಬುಡ್ತಿರ್ಲಿಲ್ಲ, ಎಲ್ಲಾ ತಾನೇ ತೊಳೀತೀನಿ ಅನ್ನೋಳು. ತೊಳ್ದಾದ ಮ್ಯಾಲೂ ಕೈ ತೆಗೀತಿರ್ಲಿಲ್ಲ. ಬಾಯಿಗಿಲ್ದಿದ್ರೆ ಕೈಗಾದ್ರೂ ಸಿಗ್ಲಿ ಮಗಾ ಅನ್ನೋಳು, ನಗ್ತಾ."

"ಹೂಂ," ಎಂಬ ದನಿ ಬಂತು. ಬಂದದ್ದು ಗಂಗಲಕ್ಷ್ಮಮ್ಮನಿಗೇ ತಿಳಿದಂತಿರಲಿಲ್ಲ.

"ವಾರವಾರ ಆಸ್ಪತ್ರೆಗೆ ಬಸ್ಸು. ದಾರಿ ಉದ್ದಕ್ಕೂ ನನ್ನ ಕೈಲಿ ಪಾಠ ಒಪ್ಪಿಸೋಳು. ತಪ್ಪಿದ್ರೆ ತೊಡೆ ಚಿವುಟೋಳು. ಬಾಯಲ್ಲಿ ಒಂದು ನೆಲ್ಲಿಕಾಯಿ ಇಟ್ಕೊಂಡಿರೋಳು, ಬಾಯಾರಬಾರ್ದು ಅಂತ."

"ಹೂಂ."

"ಅವತ್ತು ನಂಗೆ ಪರೀಕ್ಷೆ. ನಾನು ಹೋಗ್ಲಿಲ್ಲ. ಅಪ್ಪ ಸ್ಕೂಲಿನ ಗೇಟಲ್ಲಿ ನಿಂತಿದ್ರಂತೆ. ನಾನು ಬರೆದು ಮುಗಿಸೋವರ್ಗೂ ಒಳಗೆ ಬರ್ಲಿಲ್ಲ. ಅಮ್ಮನೇ ಹೇಳಿದ್ಳಂತೆ, ಏನೇ ಆದ್ರೂ ಮಗೂನ ಪರೀಕ್ಷೆಯಿಂದ ಎಬ್ಬಿಸ್ಬ್ಯಾಡಿ ಅಂತ. ಬೆಂಕಿ ಇಟ್ಟೊ. ಭಿಕ್ಷುಗಳು ಬಂದ್ರು. ಎಲ್ಲಾ ಆಗೈತೆ ಆಂಟಿ. ಸಮುದ್ರ ನಾನು ಸರಿಯಾಗಿ ನೋಡಿದ್ದೇ ಇಲ್ಲಿಗೆ ಬರೋವಾಗ, ವಿಮಾನದ ಕಿಟಕಿಯಿಂದ."

ನೀರು ಸುರಿಯುತ್ತಲೇ ಇತ್ತು. ಗಂಗಲಕ್ಷ್ಮಮ್ಮ ಬಗ್ಗಿ ನಲ್ಲಿ ನಿಲ್ಲಿಸಲಿಲ್ಲ.

"ಹಂಗಾದ್ರೆ ಆವತ್ತು ನಂಗೆ ಹೇಳಿದ್ದು?"

"ಕಾಲೇಜಿಗೆ. ಹಂಗೆ ಹೇಳಿದ್ರೆ ತಗೋತಾರೆ ಅಂದ್ರು."

"ನಾನು ಹೂಂ ಅಂದ್ನಲ್ಲೇ. ಪುರಾಣಕ್ಕೆ ಹೂಂ ಅನ್ನೋ ಬಾಯಲ್ಲಿ."

ಗುಡಿಯ ಗಂಟೆ ಕೇಳಿಸಿತು. ಬೀದಿಯಿಂದ ದೊಡ್ಡಲಕ್ಷ್ಮಮ್ಮ, "ಗಂಗಾ, ಎಲ್ಲಾರೂ ಕೂತವ್ರೆ ಕಣೇ, ದಾಸಣ್ಣ ಕೆಮ್ತಾವ್ನೆ!" ಎಂದು ಕೂಗಿದಳು. ಗಂಗಲಕ್ಷ್ಮಮ್ಮ ತನ್ನ ಸೆರಗಿನಿಂದ ಹುಡುಗಿಯ ಒದ್ದೆ ಕೈಗಳನ್ನು ಒರೆಸಿದಳು. ಬೆರಳು ಬೆರಳನ್ನೂ ಒರೆಸಿದಳು. ಆಮೇಲೆ, "ನಡಿ," ಎಂದಳು. ಅಷ್ಟೆ.

ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರ್ಖಾನೆಯ ಹೆಂಗಸರು ಕೆಲಸದ ಕಾರ್ಡನ್ನು ಕೊರಳಿಂದ ತೆಗೆಯದೆಯೇ ಬಂದಿದ್ದರು. ಗಂಡಸರ ಸಾಲಿನಲ್ಲಿ ವಿಜೇರತ್ನ, ಬಿಳಿಯಲ್ಲಿ, ಕಣ್ಣು ಮುಚ್ಚಿ ಕೂತಿದ್ದರು. ಲತಾಮಣಿ ಕಟ್ಟಿದ ಸೇವಂತಿಗೆ ಪೀಠದ ಸುತ್ತ ಹರಡಿತ್ತು. ನವ್ಯಶ್ರೀ ಕಂಬದ ಪಕ್ಕ ನಿಂತು ತರಂಗಿಯನ್ನೇ ನೋಡುತ್ತಿದ್ದಳು. ತರಂಗಿಯನ್ನು ಪೀಠದ ಮುಂದೆ ಕೂರಿಸಿ ಯಾರೋ ಕೈಗೆ ದೀಪ ಕೊಟ್ಟರು. ಗಂಗಲಕ್ಷ್ಮಮ್ಮ ಅವಳ ಹಿಂದೆಯೇ ಕೂತಳು.

ದಾಸಪ್ಪನವರು ಕನ್ನಡಕ ಏರಿಸಿಕೊಂಡರು. ನೀರಿನ ಭಾಗಕ್ಕೆ ಆಗಲೇ ಒಂದು ನವಿಲುಗರಿ ಗುರುತಿಟ್ಟು ತಂದಿದ್ದರು.

"ಯಾರ ಹೆಸರಲ್ಲಿ ಓದ್ಬೇಕು?"

"ಕುಸುಮಾವತಿ," ಎಂದಳು ತರಂಗಿ. ಆ ಹೆಸರು ಕೇಳಿದೊಡನೆ ಗಂಡಸರ ಸಾಲಿನಲ್ಲಿ ವಿಜೇರತ್ನ ಕಣ್ಣು ತೆರೆದರು.

"ಎಂಗೆ ಹೋದ್ರು?"

ದೀಪದ ಬತ್ತಿ ಒಮ್ಮೆ ಚಟಗುಟ್ಟಿತು. ಹಿಂದಿನಿಂದ ಗಂಗಲಕ್ಷ್ಮಮ್ಮ ಮುಂದಕ್ಕೆ ಬಾಗಿದಳು. ಅವಳ ಉಸಿರು ತರಂಗಿಯ ಕಿವಿಗೆ ತಾಗಿತು.

"ನೀರಾಗೆ ಅಂದ್ಬುಡು ಮಗ," ಎಂದು ಪಿಸುಗುಟ್ಟಿದಳು. "ಒಂದೇ ಮಾತು. ನಿಮ್ಮಪ್ಪಂಗೆ ತಿಳಿಯಾಕಿಲ್ಲ. ಇಷ್ಟು ಜನ ಬಂದವ್ರೆ. ಪಾಪ ಗೀಪ ಐತೆ ಅಂದ್ರೆ ನನ್ನ ತಲೆ ಮ್ಯಾಲಿರ್ಲಿ. ಕಾಗ್ದನೂ ಅಂಗೇ ಕಳ್ಸು. ನೀನು ಓದ್ಬೇಕು ಕಣವ್ವ, ಅಂಗಡೀಲಿ ಬಟ್ಟೆ ಮಡಚ್ಕೊಂಡು ಕೂರಬ್ಯಾಡ. ನಂಗೋಸ್ಕರ ಅನ್ನು. ಹೂಂ ಅಂತೀನಿ ನಾನು. ಅನ್ನು."

ತರಂಗಿ ದೀಪವನ್ನು ಪೀಠದ ಅಂಚಿಗೆ ಇಟ್ಟಳು. ತಿರುಗಿ ಗಂಗಲಕ್ಷ್ಮಮ್ಮನ ಮುಖ ನೋಡಿದಳು, ಆಮೇಲೆ ಸಾಲಿನಾಚೆ ಬಿಳಿ ಅಂಗಿಯ ಕಡೆಗೆ. ಅವಳ ದನಿ ಗುಡಿಗೆಲ್ಲ ಕೇಳಿಸಿತು.

"ಇಲ್ಲ ಆಂಟಿ. ಅನ್ನಲ್ಲ."